ಹಲಗೆ ತಿರುಗಿದರೆ ಸಾಲದು, ಕಾಲೂ ಬದಲಾಗಬೇಕು

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್‌ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ಸಿಂಧನೂರು ತಾಲ್ಲೂಕಿನ ಹೊಳೆದಂಡೆಯ ಮುಕ್ಕುಂದದಿಂದ ಹಿಡಿದು ಎಡದಂಡೆ ಕಾಲುವೆಯನ್ನೇ ನೆಚ್ಚಿದ ಊರುಗಳವರೆಗೆ ಮರುದಿನ ಭತ್ತದ ಚಿಂತೆ ಬಿಟ್ಟು ಬೇರೆ ಮಾತಿರಲಿಲ್ಲ. ವಾರದೊಳಗೆ ತಾತ್ಕಾಲಿಕ ಗೇಟು ಇಳಿಸಿ ನೀರು ತಡೆದರು. ಆ ಗಾಬರಿಯಲ್ಲಿ ಅದರ ಹಿಂದಿನ ದಿನದ ಕ್ರೀಡಾ ಸುದ್ದಿಯೊಂದು ಈ ಸೀಮೆಯವರ ಕಣ್ಣಿಗೆ ಬೀಳದೆ ಹೋಗಿದ್ದರೆ ಅದು ಸಹಜ.

ಆಗಸ್ಟ್ 9ರಂದು ಫ್ರಾನ್ಸಿನ ಮಾರ್ಸೇ ಬಂದರಿನ ಎದುರು ಪ್ಯಾರಿಸ್ ಒಲಿಂಪಿಕ್ಸ್‌ನ ಗಾಳಿಪಟ ಸ್ಪರ್ಧೆ ಮುಗಿದಿತ್ತು. ದೊಡ್ಡ ಗಾಳಿಪಟವೊಂದರ ಸೆಳೆತಕ್ಕೆ ಮೈಯೊಡ್ಡಿ, ಕಾಲಡಿಯ ಹಲಗೆಯ ಮೇಲೆ ನೀರಿನಲ್ಲಿ ಓಡುವ ಈ ಆಟ ಒಲಿಂಪಿಕ್ಸ್‌ಗೆ ಬಂದದ್ದು ಅದೇ ಮೊದಲು. ಪಂದ್ಯದ ಹೆಸರು ಫಾರ್ಮುಲಾ ಕೈಟ್. ಮಹಿಳೆಯರಲ್ಲಿ ಬ್ರಿಟನ್ನಿನ ಎಲ್ಲೀ ಆಲ್‌ಡ್ರಿಜ್ ಚಿನ್ನ ಗೆದ್ದರು. ಪುರುಷರಲ್ಲಿ ಚಿನ್ನ ಆಸ್ಟ್ರಿಯಾದ ವ್ಯಾಲೆಂಟಿನ್ ಬಾಂಟಸ್ ಪಾಲಾಯಿತು. ಕಂಚು ಸಿಂಗಪುರದ ಹದಿನೇಳರ ಹುಡುಗ ಮ್ಯಾಕ್ಸ್ ಮೇಡರ್‌ಗೆ ಸಿಕ್ಕಿತು, ಅದೂ ಆ ದೇಶದ ರಾಷ್ಟ್ರೀಯ ದಿನದಂದೇ.

ಇಲ್ಲಿ ಎರಡು ಸಂಗತಿಗಳನ್ನು ರಾಯಚೂರು, ಕೊಪ್ಪಳ, ವಿಜಯನಗರ ಜಿಲ್ಲೆಗಳ ಓದುಗರು ಗಮನಿಸಬೇಕು. ಚಿನ್ನ ಗೆದ್ದ ಆಸ್ಟ್ರಿಯಾಕ್ಕೆ ಒಂದು ಗೇಣು ಕಡಲತೀರವೂ ಇಲ್ಲ. ಕಂಚು ಗೆದ್ದ ಸಿಂಗಪುರದ ಇಡೀ ನೆಲ ಸುಮಾರು 740 ಚದರ ಕಿಲೋಮೀಟರ್ ಅಷ್ಟೇ. ತುಂಗಭದ್ರಾ ಜಲಾಶಯ ತುಂಬಿದಾಗ ಅದರ ನೀರೇ ಸುಮಾರು 378 ಚದರ ಕಿಲೋಮೀಟರ್ ಹರಡಿಕೊಳ್ಳುತ್ತದೆ. ನೀರಿಗೆ ಬರವಿಲ್ಲದ, ಆಷಾಢದ ಗಾಳಿಗೆ ಹೆಸರಾದ ಸೀಮೆಯಲ್ಲಿ ಗಾಳಿ ಮತ್ತು ನೀರನ್ನು ಜೋಡಿಸುವ ವಿದ್ಯೆಯನ್ನು ಮಕ್ಕಳಿಗೆ ಯಾರೂ ಕಲಿಸುತ್ತಿಲ್ಲ ಎಂಬುದು ಈ ಲೇಖನದ ತಕರಾರು. ಕಲಿಸುವುದಾದರೆ ಅದನ್ನು ಪ್ರವಾಸಿಗರ ಮೋಜಿನ ಸವಾರಿಯಾಗಿ ಅಲ್ಲ, ಕಷ್ಟದ ಪಾಠದಿಂದಲೇ ಕಲಿಸಬೇಕು. ಆ ಕಷ್ಟದ ಪಾಠಕ್ಕೆ ಜೈಬ್ ಎಂದು ಹೆಸರು: ಗಾಳಿಗೆ ಬೆನ್ನು ಮಾಡಿ ಹಲಗೆಯನ್ನು ಅರ್ಧಸುತ್ತು ತಿರುಗಿಸಿ, ಓಡುತ್ತಿರುವಾಗಲೇ ಕಾಲು ಬದಲಿಸಿ, ಬಂದ ಕಡೆಗೇ ಹೊರಡುವುದು.

ಇದು ಏಕೆ ಅಷ್ಟು ಮುಖ್ಯ ಎಂಬುದು ಹಲಗೆಯ ಕಥೆಯಲ್ಲಿದೆ. ಫ್ರಾನ್ಸಿನ ಬ್ರಿಟನಿ ತೀರದ ಬ್ರೂನೊ ಮತ್ತು ಡೊಮಿನಿಕ್ ಲೆಗೆನ್ಯೂ ಎಂಬ ಸಹೋದರರು ನೀರಿಗೆ ಬಿದ್ದರೂ ಮತ್ತೆ ಏಳುವ, ಗಾಳಿ ತುಂಬಿದ ಕೊಳವೆಗಳ ಗಾಳಿಪಟಕ್ಕೆ 1984ರಲ್ಲಿ ಪೇಟೆಂಟ್ ಅರ್ಜಿ ಹಾಕಿದರು. ಅದು ಆಟವಾಗಿ ಹಬ್ಬಿದ್ದು 1990ರ ದಶಕದ ಕೊನೆಗೆ, ಹವಾಯಿಯ ಮಾವಿ ದ್ವೀಪದಲ್ಲಿ. ಆಗ ಸವಾರರ ಕಾಲಡಿ ಇದ್ದದ್ದು ಸರ್ಫಿಂಗ್ ಹಲಗೆಯಂಥ ಡೈರೆಕ್ಷನಲ್ ಬೋರ್ಡ್. ಅದಕ್ಕೆ ಮೂತಿ ಬೇರೆ, ಬಾಲ ಬೇರೆ. ಮೂತಿ ಯಾವಾಗಲೂ ಮುಂದೆಯೇ ಇರಬೇಕು, ಅಡಿಯ ರೆಕ್ಕೆಗಳು ಹಿಂದೆ. ಎಡಕ್ಕೆ ಹೋದವನು ಬಲಕ್ಕೆ ಬರಬೇಕೆಂದರೆ ಹಲಗೆಯನ್ನು ತಿರುಗಿಸಲೇಬೇಕು, ಹಲಗೆ ತಿರುಗಿದ ಮೇಲೆ ಕಾಲನ್ನೂ ಬದಲಿಸಬೇಕು. ಬದಲಿಸದಿದ್ದರೆ ಬೆನ್ನು ಗಾಳಿಪಟದ ಕಡೆಗೆ, ಸೊಂಟ ತಿರುಚಿಕೊಂಡು ನಿಂತ ಹಾಗಾಗುತ್ತದೆ. ಈ ಕಾಟದಿಂದ ಪಾರಾಗಲೆಂದು ಬಂದದ್ದೇ ಎರಡೂ ತುದಿ ಒಂದೇ ತೆರನಾದ ಟ್ವಿನ್‌ಟಿಪ್ ಬೋರ್ಡ್. ಅದರಲ್ಲಿ ತಿರುಗುವ ಪ್ರಶ್ನೆಯೇ ಇಲ್ಲ. ಗಾಳಿಪಟವನ್ನು ಆಚೆ ಬದಿಗೆ ಒಯ್ದು, ಇದ್ದ ಹಾಗೆಯೇ ನಿಂತು ಹಿಂದಕ್ಕೆ ಜಾರಿದರಾಯಿತು.

ತುಂಗಭದ್ರೆಯ ಜನರಿಗೆ ಈ ವ್ಯತ್ಯಾಸ ಹರಿಗೋಲಿನಿಂದ ಬೇಗ ತಿಳಿದೀತು. ದುಂಡನೆಯ ಹರಿಗೋಲಿಗೆ ಮುಂದು ಹಿಂದು ಎಂಬುದಿಲ್ಲ; ಹುಟ್ಟು ಹಾಕುವವನು ಯಾವ ಕಡೆ ಕೂತರೆ ಅದೇ ಮುಂದು. ಟ್ವಿನ್‌ಟಿಪ್ ಆ ಜಾತಿಯದು. ಡೈರೆಕ್ಷನಲ್ ಬೋರ್ಡ್ ಹಾಗಲ್ಲ.

ಟ್ವಿನ್‌ಟಿಪ್ ಬಂದದ್ದರಿಂದ ಆಟ ಲಕ್ಷಾಂತರ ಮಂದಿಗೆ ತಲುಪಿತು, ಅದು ಒಳ್ಳೆಯದೇ. ಆದರೆ ತೀರದಲ್ಲಿ ಕೆಲವು ದಿನ ಕಲಿತು ಹೋಗುವವರಿಗೆ ಅಲ್ಲಿಗೇ ಪಾಠ ಮುಗಿದಂತೆ ಕಾಣತೊಡಗಿತು. ಅಲೆಯ ಮೇಲೆ ಸವಾರಿ ಮಾಡುವವರು ಇಂದಿಗೂ ಡೈರೆಕ್ಷನಲ್ ಬೋರ್ಡನ್ನೇ ಬಳಸುತ್ತಾರೆ. ಒಲಿಂಪಿಕ್ ಬೋರ್ಡೂ ಅದೇ ಬಗೆಯದು: ಮೂತಿ ಮುಂದೆ, ಬಾಲ ಹಿಂದೆ, ಕೆಳಗೆ ಸುಮಾರು ಮೀಟರ್ ಉದ್ದದ ಕಂಬ, ಅದರ ತುದಿಗೆ ನೀರಿನೊಳಗೆ ಈಜುವ ಪುಟ್ಟ ವಿಮಾನದಂಥ ಫಾಯಿಲ್. ವೇಗ ಹತ್ತಿದೊಡನೆ ಹಲಗೆ ನೀರು ಬಿಟ್ಟು ಮೇಲೇಳುತ್ತದೆ. ನುರಿತವರು ಗಂಟೆಗೆ 70 ಕಿಲೋಮೀಟರ್ ಮುಟ್ಟುತ್ತಾರೆ. ಆ ವೇಗದಲ್ಲಿ ತಿರುವಿನ ಗುರುತಿಗೆಂದು ತೇಲಿಬಿಟ್ಟ ಬುರುಡೆಯನ್ನು ಸುತ್ತುವಾಗ ಯಾರ ಕಾಲು ಸಲೀಸಾಗಿ ಬದಲಾಗುತ್ತದೆಯೋ ಅವರು ಮುಂದೆ ಉಳಿಯುತ್ತಾರೆ, ತಡವರಿಸಿದವರು ನೀರಿಗೆ ಬೀಳುತ್ತಾರೆ. ಅಂದರೆ ಟ್ವಿನ್‌ಟಿಪ್‌ನಲ್ಲೇ ನಿಂತವರಿಗೆ ಪದಕದ ದಾರಿ ಇಲ್ಲ.

ಜೈಬ್ ಹೇಗೆ ನಡೆಯುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು, ಏಕೆಂದರೆ ಅದರ ಕಷ್ಟ ಇರುವುದು ಕಣ್ಣಿಗೆ ಕಾಣುವ ಕಡೆ ಅಲ್ಲ.

ಸವಾರನ ಸೊಂಟಕ್ಕೆ ಹಾರ್ನೆಸ್ ಎಂಬ ಅಗಲ ಪಟ್ಟಿ. ಅದರ ಕೊಂಡಿಗೆ ಗಾಳಿಪಟದ ಇಪ್ಪತ್ತು ಇಪ್ಪತ್ತನಾಲ್ಕು ಮೀಟರ್ ಉದ್ದದ ದಾರಗಳು ಬಂದು ಸೇರುತ್ತವೆ. ಕೈಯಲ್ಲಿ ಒಂದು ಬಾರ್. ಬಾರನ್ನು ತನ್ನತ್ತ ಎಳೆದುಕೊಂಡರೆ ಸೆಳೆತ ಹೆಚ್ಚುತ್ತದೆ, ದೂರ ತಳ್ಳಿದರೆ ತಗ್ಗುತ್ತದೆ. ಗಾಳಿಗೆ ಬೆನ್ನು ಕೊಟ್ಟು ನಿಂತವನ ಎದುರಿನ ಆಕಾಶವನ್ನು ಗಡಿಯಾರದ ಮುಖವೆಂದುಕೊಂಡರೆ ನೆತ್ತಿಯ ಮೇಲಿನದು 12; ಅಲ್ಲಿ ಗಾಳಿಪಟ ಮುಂದಕ್ಕೆ ಸೆಳೆಯುವುದು ಕಡಿಮೆ, ಮೇಲಕ್ಕೆ ಎತ್ತಿ ಹಿಡಿಯುವುದು ಹೆಚ್ಚು. ಎಡಕ್ಕೆ ಓಡುವಾಗ ಗಾಳಿಪಟ 10ರ ಕಡೆ ಇರುತ್ತದೆ, ಬಲಕ್ಕೆ ಓಡುವಾಗ 2ರ ಕಡೆ. ಸಾಮಾನ್ಯ ಓಟದಲ್ಲಿ ಸವಾರ ಹಿಂದಕ್ಕೆ ಬಾಗಿ, ಹಿಮ್ಮಡಿಯಿಂದ ಹಲಗೆಯ ಅಂಚನ್ನು ನೀರಿಗೆ ಒತ್ತಿ, ಆ ಸೆಳೆತಕ್ಕೆ ಎದುರು ನಿಲ್ಲುತ್ತಾನೆ.

ತಿರುಗುವ ಹೊತ್ತಿಗೆ ಈ ಕ್ರಮವೆಲ್ಲ ಮಗುಚುತ್ತದೆ. ಹಿಮ್ಮಡಿಯ ಮೇಲಿದ್ದ ಭಾರವನ್ನು ಮೆಲ್ಲಗೆ ಕಾಲ್ಬೆರಳುಗಳ ಕಡೆ ತರಬೇಕು. ಹಲಗೆ ಗಾಳಿ ಬೀಸುವ ದಿಕ್ಕಿಗೆ ಮೂತಿ ತಿರುಗಿಸಿ ಕಮಾನು ಕೊರೆಯತೊಡಗುತ್ತದೆ. ಅದೇ ವೇಳೆಗೆ ಗಾಳಿಪಟ 10ರಿಂದ ನೆತ್ತಿಯ ಮೇಲೆ ಹಾದು 2ರ ಕಡೆಗೆ ಹೊರಟಿರಬೇಕು. ಗಾಳಿಗೆ ಅಡ್ಡಲಾಗಿ ಓಡುವಾಗ ಸವಾರನ ಸ್ವಂತ ವೇಗವೂ ಗಾಳಿಗೆ ಕೂಡಿಕೊಂಡಿರುತ್ತದೆ. ಗಾಳಿಯ ದಿಕ್ಕಿಗೇ ತಿರುಗಿದಾಗ ಆ ಕೂಡಿಕೆ ಕಳೆದು, ಸೆಳೆತ ಥಟ್ಟನೆ ಮೆದುವಾಗುತ್ತದೆ. ಗಾಳಿಪಟವನ್ನು ತಡವಾಗಿ ಕಳಿಸಿದರೆ ಸವಾರನೇ ಅದರತ್ತ ಓಡಿಹೋಗಿ ದಾರ ಸಡಿಲಾಗುತ್ತದೆ, ಹಲಗೆ ಮುಳುಗುತ್ತದೆ. ಬೇಗ ಕಳಿಸಿದರೆ ಹಲಗೆ ತಿರುಗುವ ಮೊದಲೇ ಸೆಳೆತ ಆಚೆ ಬದಿಗೆ ಹೋಗಿ ಸವಾರನನ್ನು ಹಲಗೆಯಿಂದ ಕಿತ್ತೆಸೆಯುತ್ತದೆ. ಹಲಗೆಯ ಕಮಾನು, ಗಾಳಿಪಟದ ಕಮಾನು ಎರಡೂ ಒಟ್ಟಿಗೆ ಮುಗಿಯಬೇಕು.

ಇಷ್ಟಾದರೆ ಹಲಗೆ ಹೊಸ ದಿಕ್ಕಿಗೆ ಹೊರಟಿದೆ, ಕಾಲು ಮಾತ್ರ ಹಳೆಯ ಜಾಗದಲ್ಲೇ ಇದೆ. ಈಗ ಸವಾರ ಬೆರಳ ಅಂಚಿನ ಮೇಲೆ ನಿಂತಿದ್ದಾನೆ, ಮುಖ ಗಾಳಿಗೆ, ಬೆನ್ನು ಗಾಳಿಪಟಕ್ಕೆ. ಇಲ್ಲಿಯೇ ಬಹಳ ಜನ ಬೀಳುವುದು. ನೋಡುವುದಕ್ಕೆ ಅದು ಎರಡು ಹೆಜ್ಜೆಯ ಕೆಲಸ: ಹಿಂದಿನ ಕಾಲನ್ನು ಮುಂದಿನ ಕಾಲಿನ ಪಕ್ಕಕ್ಕೆ ತಂದಿಡು, ಆಮೇಲೆ ಮುಂದಿನ ಕಾಲನ್ನು ಹಿಂದಕ್ಕೆ ಸರಿಸು. ಆದರೆ ಒಂದು ಕಾಲು ಎತ್ತಿದ ಕ್ಷಣ ಇಡೀ ಭಾರ ಇನ್ನೊಂದರ ಮೇಲೆ ಬೀಳುತ್ತದೆ. ಆ ಕಾಲು ಹಲಗೆಯ ನಡುಗೆರೆಯ ಮೇಲಿಲ್ಲದಿದ್ದರೆ ಹಲಗೆ ಮಗುಚುತ್ತದೆ. ಬಾಲದ ಮೇಲೆ ಭಾರ ಹೆಚ್ಚಾದರೆ ಮೂತಿ ಮೇಲೆದ್ದು ಓಟ ನಿಲ್ಲುತ್ತದೆ. ಹೆಜ್ಜೆ ದೊಡ್ಡದಾದಷ್ಟೂ ಅಪಾಯ ಹೆಚ್ಚು.

ಇದಕ್ಕಿರುವ ಪರಿಹಾರ ಕಾಲಿನಲ್ಲಿಲ್ಲ, ಮೇಲಿದೆ. ಗಾಳಿಪಟವನ್ನು ಹೊಸ ಬದಿಯಲ್ಲಿ ತುಸು ಎತ್ತರಕ್ಕೆ, 1ರ ಸುಮಾರಿಗೆ ನಿಲ್ಲಿಸಿಕೊಂಡರೆ ದಾರವೇ ಸವಾರನ ಭಾರದ ಒಂದು ಪಾಲನ್ನು ಹೊರುತ್ತದೆ. ಆ ಹಗುರಾದ ಒಂದೆರಡು ಕ್ಷಣದಲ್ಲಿ ಹಲಗೆಯನ್ನು ಚಪ್ಪಟೆಯಾಗಿ ಬಿಟ್ಟು ಗಿಡ್ಡ ಹೆಜ್ಜೆಯಲ್ಲಿ ಕಾಲು ಬದಲಿಸಬೇಕು. ಕಣ್ಣು ಹೋಗಬೇಕಾದ ಕಡೆ ನೆಟ್ಟಿರಬೇಕು. ಕಾಲನ್ನು ನೋಡಿದವನ ತಲೆ ಬಗ್ಗುತ್ತದೆ, ತಲೆಯ ಹಿಂದೆ ಭುಜ, ಭುಜದ ಹಿಂದೆ ದೇಹವೆಲ್ಲ. ಇನ್ನೊಂದು ತಪ್ಪು ಕೈಯದು. ತೋಲ ತಪ್ಪುವಾಗ ಮನುಷ್ಯ ಕೈಗೆ ಸಿಕ್ಕಿದ್ದನ್ನು ಬಿಗಿಯಾಗಿ ಹಿಡಿದು ಎಳೆದುಕೊಳ್ಳುತ್ತಾನೆ. ಇಲ್ಲಿ ಕೈಗೆ ಸಿಕ್ಕಿರುವುದು ಬಾರ್. ಅದನ್ನು ಎಳೆದರೆ ಗಾಳಿಪಟಕ್ಕೆ ಬಲ ಬಂದು, ಒಂಟಿ ಕಾಲಲ್ಲಿ ನಿಂತವನನ್ನೇ ಜಗ್ಗುತ್ತದೆ. ಬೀಳುವ ಭಯದಲ್ಲಿಯೂ ಬಾರನ್ನು ಸಡಿಲ ಬಿಡುವುದು ದೇಹಕ್ಕೆ ಒಗ್ಗಿದ ಬುದ್ಧಿಗೆ ವಿರುದ್ಧ. ಅದನ್ನು ಸಾವಕಾಶವಾಗಿ, ಸಾಲುಸಾಲು ಬಿದ್ದು ಎದ್ದೇ ಕಲಿಯಬೇಕು.

ಕಾಲು ಬದಲಿಸುವುದು ತಿರುವಿನ ಮೊದಲೋ ಆಮೇಲೋ ಎಂಬುದರಲ್ಲಿ ಎರಡು ಮತಗಳಿವೆ. ಮೊದಲೇ ಬದಲಿಸಿಕೊಂಡರೆ ತಿರುವು ಮುಗಿಯುವಾಗ ಹಿಮ್ಮಡಿಯ ಮೇಲೆ ಗಟ್ಟಿಯಾಗಿ ನಿಲ್ಲಬಹುದು. ಆದರೆ ಇಡೀ ತಿರುವನ್ನು ಪೇಚಿನ ಭಂಗಿಯಿಂದ ಶುರುಮಾಡಬೇಕಾಗುತ್ತದೆ. ತಿರುವಿನ ನಂತರ ಬದಲಿಸುವವರಿಗೆ ತಿರುವು ಸಲೀಸು, ಆಮೇಲಿನ ಹೆಜ್ಜೆಗಳಿಗೆ ಬಿಡುವೂ ಸಿಗುತ್ತದೆ. ಹೊಸಬರಿಗೆ ಎರಡನೆಯದೇ ಸರಿ. ಅದಕ್ಕೂ ಮುಂಚೆ ಟ್ವಿನ್‌ಟಿಪ್ ಮೇಲೆಯೇ ಬೆರಳ ಅಂಚಿನಲ್ಲಿ ದೂರ ದೂರ ಓಡುವುದನ್ನು ಕಲಿಸಿದರೆ ಅರ್ಧ ಭಯ ಅಲ್ಲೇ ಕಳೆಯುತ್ತದೆ. ಫಾಯಿಲ್ ಹಲಗೆಯ ಕಲಿಕೆಯಲ್ಲಿಯೂ ಇಂಥದ್ದೇ ಒಂದು ಮೆಟ್ಟಿಲಿದೆ: ತಿರುವಿನಲ್ಲಿ ಹಲಗೆಯನ್ನು ನೀರಿಗೆ ತಾಗಿಸಿ, ಕಾಲು ಬದಲಿಸಿ, ಮತ್ತೆ ಮೇಲೆದ್ದು ಹೋಗುವುದು. ನೀರು ತಾಗದೆ ತಿರುಗುವುದು ಅದರ ಮುಂದಿನ ಮೆಟ್ಟಿಲು.

ಈ ಪಾಠದ ಬಹುಪಾಲು ನೆಲದ ಮೇಲೆಯೇ ನಡೆಯಬಲ್ಲದು ಎಂಬುದು ನಮ್ಮ ಊರುಗಳಿಗೆ ದೊಡ್ಡ ಅನುಕೂಲ. ಮರಳಿನ ಮೇಲೆ ಹಲಗೆಯ ಆಕಾರ ಗೀರಿ, ಮರದ ಕೊಂಬೆಗೋ ತೊಲೆಗೋ ಹಗ್ಗ ಕಟ್ಟಿ, ಅದಕ್ಕೆ ಹಾರ್ನೆಸ್ ಸಿಕ್ಕಿಸಿ, ಹಿಂದಕ್ಕೆ ಬಾಗಿ ನಿಂತು ಹೆಜ್ಜೆ ಬದಲಿಸುವ ಅಭ್ಯಾಸಕ್ಕೆ ಕಾಸಿನ ಖರ್ಚಿಲ್ಲ. ಎರಡು ಮೂರು ಚದರ ಮೀಟರಿನ ಚಿಕ್ಕ ತರಬೇತಿ ಗಾಳಿಪಟವನ್ನು ಬಯಲಿನಲ್ಲಿ ಹಾರಿಸಿ ಗಡಿಯಾರದ ಲೆಕ್ಕವನ್ನು ಕೈಗೆ ಕೂರಿಸಬಹುದು. ಗಾಳಿಯ ಅಂದಾಜು ನಮ್ಮವರಿಗೆ ಹೊಸದಲ್ಲ. ಆಷಾಢ ಬಂತೆಂದರೆ ದೊಡ್ಡಬಳ್ಳಾಪುರದ ಆಕಾಶದ ತುಂಬ ಗಾಳಿಪಟ. ಟೀಮ್ ಮಂಗಳೂರು ತಂಡದವರು ಯಕ್ಷಗಾನದ ವೇಷವನ್ನೇ ಆಕಾಶಕ್ಕೇರಿಸಿ ಪಣಂಬೂರಿನಲ್ಲಿ ದೇಶವಿದೇಶದ ಗಾಳಿಪಟಗಾರರನ್ನು ಕರೆಸಿದವರು. ಗದಗಿನ ಕಪ್ಪತಗುಡ್ಡದ ಸೆರಗಿನಲ್ಲಿ, ಚಿತ್ರದುರ್ಗದ ಜೋಗಿಮಟ್ಟಿಯಲ್ಲಿ ಸಾಲುಗಟ್ಟಿ ತಿರುಗುವ ಗಾಳಿಯಂತ್ರಗಳು ಈ ನಾಡಿನ ಗಾಳಿಗೆ ಸಾಕ್ಷಿ ಹೇಳುತ್ತಿವೆ. ಗಾಳಿಯೂ ಇದೆ, ನೀರೂ ಇದೆ, ಎರಡನ್ನೂ ಕೂಡಿಸಿ ಕಲಿಸುವ ಜಾಗ ಮಾತ್ರ ಇಲ್ಲ.

ಹಾಗೆಂದು ಮುಕ್ಕುಂದದ ಹೊಳೆಯಲ್ಲಿ ನಾಳೆಯೇ ಗಾಳಿಪಟ ಏರಿಸಿ ಎಂದು ಯಾರೂ ಹೇಳಬಾರದು. ತುಂಗಭದ್ರೆಯ ಪಾತ್ರದಲ್ಲಿ ಬಂಡೆಗಳಿವೆ, ಮೊಸಳೆಗಳಿವೆ, ದಂಡೆಯುದ್ದಕ್ಕೂ ಪಂಪ್‌ಸೆಟ್ಟಿನ ವಿದ್ಯುತ್ ತಂತಿಗಳಿವೆ. ಗಾಳಿಪಟದ ದಾರಕ್ಕೆ ವಿದ್ಯುತ್ ತಂತಿಗಿಂತ ದೊಡ್ಡ ವೈರಿ ಇಲ್ಲ. ದಡದ ಗಿಡಮರ, ಗುಡ್ಡಗಳಿಗೆ ಬಡಿದ ಗಾಳಿ ನದಿಯ ಮೇಲೆ ತುಂಡುತುಂಡಾಗಿ ಬರುತ್ತದೆ. ತುಂಡು ಗಾಳಿಯಲ್ಲಿ ಗಾಳಿಪಟ ಒಮ್ಮೆ ಸತ್ತು ಒಮ್ಮೆ ನೆಗೆಯುತ್ತದೆ. ಇನ್ನೂ ಮೇಲಕ್ಕೆ ಹೋದರೆ ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಗಿದೆ. ಆ ಜೀವಿಗಳ ಮನೆಯಂಗಳದಲ್ಲಿ ಯಾವ ಜಲಕ್ರೀಡೆಯೂ ಬೇಡ.

ಬೇಕಾದದ್ದು ಅಗಲವಾದ, ತೆರೆದ, ಗಾಳಿ ಒಂದೇ ಸಮ ಹರಿಯುವ ನೀರು. ಅದು ಹೊಸಪೇಟೆ, ಮುನಿರಾಬಾದಿನ ಹಿನ್ನೀರಿನಲ್ಲಿದೆ. ಲಿಂಗಸುಗೂರು ಕಡೆಯವರಿಗೆ ಕೃಷ್ಣೆಯ ನಾರಾಯಣಪುರ ಅಣೆಕಟ್ಟೆಯ ಬಸವಸಾಗರ ಇನ್ನೂ ಹತ್ತಿರ. ಆರಂಭದ ಪಾಠಗಳಿಗೆ ಅಷ್ಟೂ ನೀರು ಬೇಡ. ಸೊಂಟಮಟ್ಟದ ನೀರಿನ, ಕಲ್ಲು ಮತ್ತು ಮುಳ್ಳುಕಂಟಿ ಇಲ್ಲದ, ತಂತಿಗಳಿಂದ ದೂರದ ಒಂದು ಮೂಲೆಯನ್ನು ನೀರಾವರಿ ಇಲಾಖೆಯವರೇ ಗುರುತಿಸಿ ಕೊಟ್ಟರೆ ಸಾಕು. ಜಲಾಶಯದ ಮಟ್ಟ ಏರಿಳಿಯುತ್ತಲೇ ಇರುತ್ತದೆ, ಬೇಸಿಗೆಯಲ್ಲಿ ಮುಳುಗಿದ್ದ ಮರದ ಬೊಡ್ಡೆಗಳು ಮೇಲೆ ಬರುತ್ತವೆ. ಆದ್ದರಿಂದ ಜಾಗವನ್ನು ಪ್ರತಿ ಋತುವಿಗೂ ಹೊಸದಾಗಿ ನೋಡಿ ಗೊತ್ತುಮಾಡಬೇಕು. ಇಂಥ ಕೆಲಸಕ್ಕೆ ಕಾಯಂ ಸಿಬ್ಬಂದಿ ಬೇಕೇ ಬೇಕು, ಒಂದು ದಿನದ ಜಲಕ್ರೀಡಾ ಉತ್ಸವದಿಂದ ಆಗುವುದಲ್ಲ.

ಒಳನಾಡಿನ ನೀರಿನಲ್ಲಿ ಕಲಿತವರು ಕಡಲಿನಲ್ಲಿ ಗೆಲ್ಲುವುದುಂಟೇ ಎಂದು ಕೇಳುವವರಿಗೆ ಆಸ್ಟ್ರಿಯಾ ದೂರವಾದರೆ ಭೋಪಾಲ್ ಇದೆ. ಅಲ್ಲಿನ ದೊಡ್ಡ ಕೆರೆಯಲ್ಲಿ ಮಧ್ಯಪ್ರದೇಶ ಸರ್ಕಾರದ ನೆರವಿನಿಂದ ರಾಷ್ಟ್ರೀಯ ಹಾಯಿ ಶಾಲೆ ನಡೆಯುತ್ತಿದೆ. 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತ ಹಾಯಿ ಸ್ಪರ್ಧೆಗಳಲ್ಲಿ ಮೂರು ಪದಕ ಗೆದ್ದಿತು. ಅವುಗಳಲ್ಲಿ ಎರಡು ಭೋಪಾಲದ ಶಾಲೆಯವು. ದೇವಾಸ್ ಜಿಲ್ಲೆಯ ರೈತನ ಮಗಳು, ಹದಿನೇಳರ ನೇಹಾ ಠಾಕೂರ್‌ಗೆ ಐಎಲ್‌ಸಿಎ-4 ದೋಣಿಯಲ್ಲಿ ಬೆಳ್ಳಿ. ಇಬಾದ್ ಅಲಿಗೆ ಆರ್‌ಎಸ್-ಎಕ್ಸ್ ವಿಂಡ್‌ಸರ್ಫಿಂಗ್‌ನಲ್ಲಿ ಕಂಚು. ವಿಂಡ್‌ಸರ್ಫಿಂಗ್ ಎಂದರೆ ಗಾಳಿಪಟದ ಬದಲು ಹಲಗೆಗೇ ಹಾಯಿ ನೆಟ್ಟ ಆಟ. ಅದರ ಹಲಗೆಗೂ ಮೂತಿ ಬಾಲ ಬೇರೆ, ಅಲ್ಲಿಯೂ ಜೈಬ್, ಅಲ್ಲಿಯೂ ಕಾಲು ಬದಲಿಸುವ ಅದೇ ಪಾಠ. ಅದೇ ಕೂಟದಲ್ಲಿ ಪುರುಷರ ಗಾಳಿಪಟ ಸ್ಪರ್ಧೆಯ ಚಿನ್ನ ಮ್ಯಾಕ್ಸ್ ಮೇಡರ್‌ನದು. ಅವನದು ಕಡಲಿನ ನಡುವೆ ರೆಸಾರ್ಟ್ ನಡೆಸುವ ಕುಟುಂಬ, ಬಾಲ್ಯದಿಂದಲೇ ಗಾಳಿಪಟ ಹಿಡಿದವನು. ಅವನಿಗಿದ್ದ ಸೌಕರ್ಯ ಎಲ್ಲರಿಗೂ ಸಿಗದು. ನೇಹಾಳ ದಾರಿ ಮಾತ್ರ ಸಿಂಧನೂರು, ಮಸ್ಕಿಯ ಯಾವ ಹುಡುಗಿಗಾದರೂ ತೆರೆದಿರಬಹುದಾದ ದಾರಿ, ಸರ್ಕಾರ ಮನಸ್ಸು ಮಾಡಿದರೆ.

ರಾಯಚೂರಿಗೆ ಇನ್ನೂ ಸಮೀಪದ ಉದಾಹರಣೆ ಹೈದರಾಬಾದ್. ಯಾಟ್ ಕ್ಲಬ್ ಆಫ್ ಹೈದರಾಬಾದ್ 2009ರಿಂದ ಹುಸೇನ್ ಸಾಗರದಲ್ಲಿ ಹಾಯಿದೋಣಿ ಕಲಿಸುತ್ತಿದೆ; ಬಡ ಕುಟುಂಬಗಳ, ಸರ್ಕಾರಿ ಶಾಲೆಗಳ ಮಕ್ಕಳನ್ನು ಹುಡುಕಿ ತಂದು ರಾಷ್ಟ್ರಮಟ್ಟದ ಸ್ಪರ್ಧೆಗಳಿಗೆ ಕಳಿಸಿದೆ. ಊರ ನಡುವಿನ ಕೆರೆಯೊಂದರಿಂದ ಇಷ್ಟು ಸಾಧ್ಯ.

ಕರ್ನಾಟಕದಲ್ಲಿ ಏನೂ ಇಲ್ಲ ಎನ್ನುವುದು ಅನ್ಯಾಯವಾದೀತು. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪಿನ ತೃಷ್ಣಾ ಸೇಲಿಂಗ್ ಕ್ಲಬ್ ಇದೆ. ಸಾಗರ ತಾಲ್ಲೂಕಿನ ಹೊನ್ನೆಮರಡುವಿನಲ್ಲಿ ಶರಾವತಿಯ ಹಿನ್ನೀರಿಗೆ ಮಕ್ಕಳನ್ನು ಇಳಿಸಿ ಹರಿಗೋಲು, ಕಯಾಕ್, ವಿಂಡ್‌ಸರ್ಫಿಂಗ್ ಕಲಿಸಿದ ಪರಂಪರೆಯೇ ಇದೆ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕೈಯಲ್ಲಿ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ. ಕರಾವಳಿಯಲ್ಲಿ ಮೂಲ್ಕಿಯ ಮಂತ್ರ ಸರ್ಫ್ ಕ್ಲಬ್ಬಿನಿಂದ ಶುರುವಾದ ಅಲೆ ಸಸಿಹಿತ್ಲುವಿನ ರಾಷ್ಟ್ರೀಯ ಸರ್ಫಿಂಗ್ ಸ್ಪರ್ಧೆಗಳವರೆಗೆ ಬೆಳೆಯಿತು. 2025ರ ಆಗಸ್ಟಿನಲ್ಲಿ ಮಹಾಬಲಿಪುರದಲ್ಲಿ ನಡೆದ ಏಷ್ಯನ್ ಸರ್ಫಿಂಗ್ ಚಾಂಪಿಯನ್‌ಷಿಪ್‌ನಲ್ಲಿ ಕರ್ನಾಟಕದ ರಮೇಶ್ ಬೂದಿಹಾಳ್ ಕಂಚು ಗೆದ್ದು, ಆ ಕೂಟದಲ್ಲಿ ವೈಯಕ್ತಿಕ ಪದಕ ಪಡೆದ ಮೊದಲ ಭಾರತೀಯ ಎನಿಸಿದರು. ಗಾಳಿಪಟದ ಆಟಕ್ಕೆ ಮಾತ್ರ ಕನ್ನಡದ ಹುಡುಗ ಹುಡುಗಿಯರು ಇವತ್ತಿಗೂ ಗೋವಾಕ್ಕೋ ರಾಮೇಶ್ವರ, ತೂತ್ತುಕುಡಿಗೋ ಹೋಗಬೇಕು. ರಾಮೇಶ್ವರದ ಸುತ್ತ ಬೇಸಿಗೆಯ ನೈರುತ್ಯ ಗಾಳಿಗೂ ಚಳಿಗಾಲದ ಈಶಾನ್ಯ ಗಾಳಿಗೂ ಒಂದೊಂದು ಬದಿಯಲ್ಲಿ ಅಲೆಯಿಲ್ಲದ, ಆಳವಿಲ್ಲದ ನೀರು ಸಿಗುತ್ತದೆ. ಜೈಬ್ ಕಲಿಯಲು ಅಂಥ ಸಪಾಟು ನೀರೇ ಬೇಕು. ನಮ್ಮ ಕರಾವಳಿಯಲ್ಲಿ ಮುಂಗಾರಿನ ಗಾಳಿ ಜೋರಾಗಿರುವಾಗ ಕಡಲು ಮೀನುಗಾರರನ್ನೂ ಒಳಗೆ ಬಿಟ್ಟುಕೊಳ್ಳುವುದಿಲ್ಲ, ಜೂನ್ 1ರಿಂದ 61 ದಿನ ಯಾಂತ್ರಿಕ ದೋಣಿಗಳಿಗೆ ನಿಷೇಧವೇ ಇದೆ. ಕಡಲು ಕೆರಳಿದ ಆ ತಿಂಗಳುಗಳಲ್ಲಿಯೂ ಗಾಳಿ ಸಿಗುವ ಸಪಾಟು ನೀರು ಕರ್ನಾಟಕದಲ್ಲಿ ಎಲ್ಲಿದೆ ಎಂದು ಹುಡುಕಿದರೆ ಬೆರಳು ಒಳನಾಡಿನ ಜಲಾಶಯಗಳ ಕಡೆಗೇ ತೋರಿಸುತ್ತದೆ.

ಆಕ್ಷೇಪಗಳಿವೆ, ಅವುಗಳಲ್ಲಿ ಹುರುಳೂ ಇದೆ. ಜಲಾಶಯದ ನೀರು ಮೊದಲು ಬೆಳೆಗೆ, ಕುಡಿಯುವುದಕ್ಕೆ. ಗಾಳಿಪಟ ಮತ್ತು ಹಾಯಿ ನೀರನ್ನು ಖರ್ಚು ಮಾಡುವುದಿಲ್ಲ, ಡೀಸೆಲ್ ಚೆಲ್ಲುವುದಿಲ್ಲ, ಸದ್ದೂ ಮಾಡುವುದಿಲ್ಲ. ಮೋಟಾರು ದೋಣಿಯ ಸವಾರಿಗಳಿಗಿಂತ ಮೀನುಗಾರರಿಗೆ ಇವುಗಳಿಂದ ತೊಂದರೆ ಕಡಿಮೆ. ಆದರೂ ಮೀನಿನ ಬಲೆ ಎಲ್ಲಿ ಬೀಳುತ್ತದೆಂದು ಅವರನ್ನೇ ಕೇಳಿ ಗಡಿ ಗುರುತಿಸಬೇಕು. ಖರ್ಚಿನ ಮಾತು ಇನ್ನೂ ಗಟ್ಟಿಯಾದದ್ದು. ಒಂದು ಜೊತೆ ಗಾಳಿಪಟ, ಬಾರ್, ಹಾರ್ನೆಸ್, ಹಲಗೆ ಬಡವರ ಮನೆಯ ಮಾತಲ್ಲ. ಫಾಯಿಲ್ ಅಂತೂ ಇನ್ನೂ ದುಬಾರಿ. ಅದಕ್ಕೇ ಇದು ವ್ಯಕ್ತಿಗಳು ಕೊಳ್ಳುವ ಸಾಮಾನಾಗಬಾರದು, ಕುಸ್ತಿಯ ಗರಡಿಮನೆ ಇರುವಂತೆ ಶಾಲೆಯ ಸ್ವತ್ತಾಗಿರಬೇಕು. ಮೊದಲ ವರ್ಷ ಫಾಯಿಲ್ ಬೇಡವೇ ಬೇಡ. ಹಳೆಯ ಸರ್ಫಿಂಗ್ ಹಲಗೆ, ವಿಂಡ್‌ಸರ್ಫಿಂಗ್ ಹಲಗೆಗಳಲ್ಲಿ ತೋಲ ಮತ್ತು ಕಾಲು ಬದಲಿಸುವುದು, ಚಿಕ್ಕ ಹಾಯಿದೋಣಿಯಲ್ಲಿ ಗಾಳಿ ಓದುವುದು, ಬಯಲಲ್ಲಿ ತರಬೇತಿ ಗಾಳಿಪಟ: ಇಷ್ಟರಿಂದ ಶುರುಮಾಡಬಹುದು.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಪ್ರಾಣದ್ದು. ಕಾಲುವೆ, ಹೊಳೆ, ಕೃಷಿಹೊಂಡಗಳಲ್ಲಿ ಮಕ್ಕಳು ಮುಳುಗಿದ ಸುದ್ದಿ ಈ ಭಾಗದ ಪತ್ರಿಕೆಗಳಿಗೆ ಹೊಸದಲ್ಲ. ನೀರಿನ ನಡುವೆ ಹುಟ್ಟಿದ ಮಕ್ಕಳಿಗೆ ಈಜು ಬಾರದಿರುವುದು ನಾಚಿಕೆಯ ಸಂಗತಿ, ಅದು ಮಕ್ಕಳ ತಪ್ಪಲ್ಲ. ಹಾಯಿ ಶಾಲೆಯ ಮೊದಲ ಷರತ್ತು ಈಜು, ಎರಡನೆಯದು ಲೈಫ್ ಜಾಕೆಟ್. ಗಾಳಿಪಟದ ಆಟಕ್ಕೆ ಮೂರನೆಯದೊಂದಿದೆ: ಅಪಾಯವೆನಿಸಿದೊಡನೆ ಒಂದೇ ನೂಕಿಗೆ ಗಾಳಿಪಟದ ಬಲವನ್ನೆಲ್ಲ ಕಳಚಿಬಿಡುವ ಕ್ವಿಕ್ ರಿಲೀಸ್. ಅದನ್ನು ಕಣ್ಣುಮುಚ್ಚಿ ಹುಡುಕಿ ಬಿಡಿಸಲು ಬಾರದವರನ್ನು ನೀರಿಗೆ ಇಳಿಸಬಾರದು. ದಡದಿಂದ ಒಳಕ್ಕೆ ಬೀಸುವ ಗಾಳಿಯಲ್ಲಿ ಕಲಿಸಬಾರದು, ಏಕೆಂದರೆ ಬಿದ್ದವನನ್ನು ಅದು ದಡದಿಂದ ದೂರ ಒಯ್ಯುತ್ತದೆ. ಗುಡುಗು ಮೋಡ ಕಂಡರೆ ಗಾಳಿಪಟ ಇಳಿಸಬೇಕು. ಪಕ್ಕದಲ್ಲಿ ರಕ್ಷಣಾ ದೋಣಿ ಇರಲೇಬೇಕು. ಆ ದೋಣಿಗೆ ಹುಟ್ಟು ಹಿಡಿಯಲು ಹೊಳೆದಂಡೆಯ ಹರಿಗೋಲಿನವರಿಗಿಂತ ತಕ್ಕವರು ಯಾರು? ಸೇತುವೆಗಳು ಬಂದು ಅವರ ದುಡಿಮೆ ಕುಗ್ಗಿದೆ. ಯಾವ ಮಡುವಿನಲ್ಲಿ ಸುಳಿ ಇದೆ, ಯಾವ ಮೋಡಕ್ಕೆ ಎಂಥ ಗಾಳಿ ಎಂಬ ಅವರ ತಿಳಿವಳಿಕೆಗೆ ಸಂಬಳ ಕೊಟ್ಟು ಉಳಿಸಿಕೊಳ್ಳುವ ಸಂದರ್ಭ ಇದು. ಅವರ ಮಕ್ಕಳಿಗೇ ಶಾಲೆಯ ಮೊದಲ ಸಾಲು ಮೀಸಲಾಗಬೇಕು.

ಸರ್ಕಾರಗಳು ಜಲಕ್ರೀಡೆ ಎಂದೊಡನೆ ಪ್ರವಾಸೋದ್ಯಮ ಇಲಾಖೆಗೆ ಕಡತ ಕಳಿಸುತ್ತವೆ. ಅಲ್ಲಿಂದ ಬರುವುದು ಟೆಂಡರು, ಟಿಕೆಟ್ಟು, ಹತ್ತು ನಿಮಿಷದ ಸ್ಪೀಡ್‌ಬೋಟ್ ಸುತ್ತು. ಅದರಿಂದ ಒಂದಿಷ್ಟು ಜನಕ್ಕೆ ಕೆಲಸ ಸಿಗಬಹುದು, ಅದನ್ನು ಅಲ್ಲಗಳೆಯಬೇಕಿಲ್ಲ. ಆದರೆ ಟಿಕೆಟ್ ಕೊಂಡು ಕೂತವನು ಏನನ್ನೂ ಕಲಿಯುವುದಿಲ್ಲ. ಜೈಬ್‌ನಂಥ ಪಾಠವನ್ನು ಟಿಕೆಟ್ಟಿಗೆ ಮಾರಲಾಗದು. ಅದು ತಿಂಗಳುಗಟ್ಟಲೆ ಬೀಳುವುದನ್ನು ಬೇಡುತ್ತದೆ, ಬಿದ್ದ ಮಗುವಿನ ಪಕ್ಕದಲ್ಲಿ ಸೊಂಟದವರೆಗೆ ನೀರಿನಲ್ಲಿ ನಿಂತ ಶಿಕ್ಷಕನನ್ನು ಬೇಡುತ್ತದೆ. ಸವಾರಿ ಮಾರುವವರು ಈ ಪಾಠವನ್ನು ಬಿಟ್ಟುಬಿಡುತ್ತಾರೆ, ಕ್ರೀಡಾಪಟುವನ್ನು ಬೆಳೆಸುವವರು ಇಲ್ಲಿಂದಲೇ ಶುರುಮಾಡುತ್ತಾರೆ. ಮಧ್ಯಪ್ರದೇಶ ಅದನ್ನು ಕ್ರೀಡಾ ಇಲಾಖೆಯ ಕೆಲಸವೆಂದು ತಿಳಿಯಿತು. ಕರ್ನಾಟಕವೂ ಹಾಗೆ ತಿಳಿಯಬೇಕು.

2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿಯೂ ಗಾಳಿಪಟ ಸ್ಪರ್ಧೆ ಇದೆ. ಅದಕ್ಕೆ ಇಲ್ಲಿಂದ ಯಾರೂ ಸಿದ್ಧರಾಗಲಾರರು, ಆ ಮಾತು ಆಡುವುದೂ ಬೇಡ. ಇವತ್ತು ಸಿಂಧನೂರಿನ ಯಾವುದೋ ಶಾಲೆಯಲ್ಲಿ ನಾಲ್ಕನೇ ತರಗತಿಯಲ್ಲಿರುವ ಮಗುವಿನ ಲೆಕ್ಕ ಬೇರೆ. ಅದಕ್ಕೆ ಹತ್ತು ವರ್ಷ ಸಮಯವಿದೆ.

ಆದ್ದರಿಂದ ರಾಯಚೂರು, ಕೊಪ್ಪಳ, ವಿಜಯನಗರ ಜಿಲ್ಲಾಡಳಿತಗಳಿಗೆ, ತುಂಗಭದ್ರಾ ಮಂಡಳಿಗೆ, ಕ್ರೀಡಾ ಇಲಾಖೆಗೆ ಒಂದು ಬೇಡಿಕೆ. ಮುಂದಿನ ಬೇಸಿಗೆ ಶಿಬಿರಗಳಲ್ಲಿ ಹೊಳೆದಂಡೆಯ ಊರುಗಳ ಮಕ್ಕಳಿಗೆ ಈಜು ಕಲಿಸಿ. ಅವರಲ್ಲಿ ಗಟ್ಟಿಗರನ್ನು ಆರಿಸಿ ಹಿನ್ನೀರಿನ ಸುರಕ್ಷಿತ ಮೂಲೆಯೊಂದರಲ್ಲಿ ಹಾಯಿ ಮತ್ತು ಹಲಗೆಯ ಪಾಠ ಶುರುಮಾಡಿ. ಭೋಪಾಲಕ್ಕೆ, ಹೈದರಾಬಾದಿಗೆ ಒಮ್ಮೆ ಹೋಗಿ ಅವರು ಹೇಗೆ ನಡೆಸುತ್ತಿದ್ದಾರೆಂದು ನೋಡಿ ಬನ್ನಿ. ಮಸ್ಕಿ, ಲಿಂಗಸುಗೂರು, ಸಿಂಧನೂರಿನ ಶಾಸಕರು ಈ ಮಾತನ್ನು ಮುಂದಿನ ಅಧಿವೇಶನದಲ್ಲಿ ಎತ್ತಲಿ.